ದಮ್ಮು ಹತ್ತದ ದಿನದ ಔಷಧ

ಹಾವೇರಿಯಲ್ಲಿ ಆಶಾ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು ಮತ್ತು ಪಾಲಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ನಮ್ಮ ಕಡೆಯ ಮಾತಿನಲ್ಲಿ ಅಸ್ತಮಾ, ಅಂದರೆ ದಮ್ಮು, ‘ಹತ್ತುತ್ತದೆ’. “ರಾತ್ರಿ ದಮ್ಮ ಹತ್ತಿತ್ರಿ, ಮುಂಜಾನಿ ಇಳೀತು” ಅನ್ನುತ್ತೇವೆ. ಮಳೆ ಹತ್ತಿತು, ಮಳೆ ಬಿಟ್ಟಿತು ಅಂದ ಹಾಗೆ. ಹತ್ತಿದ್ದು ಇಳಿದಮೇಲೆ ರೋಗವೂ ಹೋಯಿತು ಎಂಬ ಅರ್ಥ ಆ ಮಾತಿನೊಳಗೇ ಕೂತಿದೆ. ಅದಕ್ಕೇ ಮರುದಿನ ಮನುಷ್ಯ ಹೊಲಕ್ಕೆ ಹೋಗುತ್ತಾನೆ, ಔಷಧ ಗೋಡೆಯ ಗೂಡು ಸೇರುತ್ತದೆ. ಮತ್ತೆ ಹತ್ತಿದಾಗ ಒಂದು ಸೂಜಿ. ಈ ತಿರುಗಣಿಯಲ್ಲೇ ಹತ್ತಿಪ್ಪತ್ತು ವರ್ಷ ಕಳೆದವರು ನಿಮ್ಮ ಊರಲ್ಲೂ ಇರುತ್ತಾರೆ. ಇವತ್ತಿನ ಮಾತೆಲ್ಲ ಒಂದೇ ಸಂಗತಿಯ ಸುತ್ತ: ದಮ್ಮು ಹತ್ತದ ದಿನವೂ ಅಸ್ತಮಾ ಎದೆಯೊಳಗೆ ಇರುತ್ತದೆ, ಅದರ ಮುಖ್ಯ ಔಷಧ ತೆಗೆದುಕೊಳ್ಳಬೇಕಾದದ್ದು ಆ ದಿನವೇ.

ಒಳಗೆ ಏನಾಗುತ್ತದೆ ನೋಡೋಣ. ಗಂಟಲಿನಿಂದ ಇಳಿಯುವ ಗಾಳಿಯ ಕೊಳವೆ ಎದೆಯಲ್ಲಿ ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಸಲ ಕವಲೊಡೆಯುತ್ತದೆ. ಕೊಳವೆಯ ಒಳಗಡೆ ತೆಳ್ಳಗಿನ ಒದ್ದೆ ಪದರ, ಅದರ ಸುತ್ತ ಪಟ್ಟಿಯಂತೆ ಸುತ್ತಿಕೊಂಡ ಸ್ನಾಯು. ಅಸ್ತಮಾ ಇದ್ದವರಲ್ಲಿ ಆ ಒಳಪದರ ಬಾತಿರುತ್ತದೆ, ಅಂಟು ಕಫ ಕಟ್ಟುತ್ತದೆ, ಸ್ನಾಯು ಸಣ್ಣ ನೆಪಕ್ಕೂ ಬಿಗಿಯುತ್ತದೆ. ಸ್ನಾಯು ಬಿಗಿಯುವುದು ನಿಮಿಷಗಳ ಕೆಲಸ, ಔಷಧ ಬಿದ್ದರೆ ಸಡಿಲವಾಗುವುದೂ ನಿಮಿಷಗಳ ಕೆಲಸ. ಬಾವು ಮಾತ್ರ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಕಣ್ಣು ಬೇನೆ ಬಂದವರನ್ನು ನೋಡಿದ್ದೀರಲ್ಲ? ಬರೀ ಬಿಸಿಲು, ಬರೀ ಗಾಳಿ ಸಾಕು, ಕಣ್ಣು ಚುಚ್ಚುತ್ತದೆ. ಬಿಸಿಲಿನಲ್ಲಿ ತಪ್ಪಿಲ್ಲ, ಕಣ್ಣು ಕೆಂಪಗಿದೆ. ಒಗ್ಗರಣೆಯ ಘಾಟಿಗೆ ಮನೆಯವರೆಲ್ಲ ಎರಡು ಸಲ ಕೆಮ್ಮಿ ಸುಮ್ಮನಾದರೆ ಒಬ್ಬರಿಗೆ ಮಾತ್ರ ಎದೆ ಬಿಗಿಯುವುದು ಇದೇ ಕಾರಣಕ್ಕೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಕೊಳವೆಯ ಅಗಲ ಅರ್ಧಕ್ಕೆ ಬಂದರೆ ಗಾಳಿಗೆ ತಡೆ ಎರಡು ಪಟ್ಟಾಗುತ್ತದೆ ಅನಿಸುತ್ತದೆ. ಭೌತಶಾಸ್ತ್ರದ ಪ್ರಕಾರ ಅದು 16 ಪಟ್ಟಾಗುತ್ತದೆ. ಕೂದಲೆಳೆಯಷ್ಟು ಬಾವು ಏರಿದರೂ ಉಸಿರು ಭಾರವಾಗುತ್ತದೆ, ಅಷ್ಟೇ ಇಳಿದರೂ ಎದೆ ಹಗುರಾಗುತ್ತದೆ. ಉಸಿರು ಬಿಡುವಾಗ ಎದೆಯ ಒತ್ತಡವೇ ಈ ಕೊಳವೆಗಳನ್ನು ಇನ್ನಷ್ಟು ಅಮುಕುವುದರಿಂದ ಎಳೆದುಕೊಳ್ಳುವುದಕ್ಕಿಂತ ಬಿಡುವುದು ಕಷ್ಟ. ಸುಂಯ್ ಎಂಬ ಸದ್ದು ಕೇಳುವುದು ಹೆಚ್ಚಾಗಿ ಆಗಲೇ.

ಇದು ಅಸ್ತಮಾ ಹೌದೋ ಅಲ್ಲವೋ ಅಂತ ಗುರುತಿಸುವುದು ಹೇಗೆ? ಯಂತ್ರಕ್ಕಿಂತ ಮೊದಲು ಕಿವಿ ಬೇಕು. ಅಸ್ತಮಾದ ಗುಣವೇ ಏರಿಳಿತ. ಇವತ್ತು ಇದ್ದದ್ದು ನಾಳೆ ಇಲ್ಲ, ಹಗಲು ಆರಾಮ, ನಸುಕಿನ ಮೂರು–ನಾಲ್ಕು ಗಂಟೆಗೆ ಎದ್ದು ಕೂರುವುದು. ನೆಗಡಿ ಎಲ್ಲರಿಗೂ ಒಂದು ವಾರ ಇದ್ದರೆ ಇವರಿಗೆ ಕೆಮ್ಮು ಮೂರು ವಾರ. ಓಡಿ ಬಂದು ನಿಂತ ಮೇಲೆ ಕೆಮ್ಮು. ಜೋರಾಗಿ ನಕ್ಕರೆ ಕೆಮ್ಮು. ಮನೆಯಲ್ಲಿ ಇನ್ನೊಬ್ಬರಿಗೆ ದಮ್ಮು, ಮಗುವಿಗೆ ಚಿಕ್ಕಂದಿನಲ್ಲಿ ಚರ್ಮದ ಕೆರೆತ, ಮುಂಜಾನೆ ಸಾಲು ಸೀನು. ಶಿಕ್ಷಕರಿಗೆ ಒಂದು ಮಾತು: ಆಟದ ಅವಧಿಯಲ್ಲಿ ಯಾವಾಗಲೂ ಕಟ್ಟೆಯ ಮೇಲೆ ಕೂರುವ ಹುಡುಗನನ್ನು ಆಲಸಿ ಅಂದುಕೊಳ್ಳುವ ಮೊದಲು “ಓಡಿದರೆ ಏನಾಗತದಪ್ಪಾ?” ಅಂತ ಕೇಳಿ. ಸುಂಯ್ ಸದ್ದೇ ಇಲ್ಲದೆ, ಬರೀ ಕೆಮ್ಮಾಗಿ ಕಾಣಿಸಿಕೊಳ್ಳುವ ಅಸ್ತಮಾವೂ ಇದೆ.

ಆಮೇಲೆ ಪರೀಕ್ಷೆ. ಅದರ ಹೆಸರು ಸ್ಪೈರೋಮೆಟ್ರಿ. ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಅನ್ನುತ್ತಿದ್ದ ಕೆಎಂಸಿಆರ್‌ಐ‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ, ಎದೆರೋಗ ತಜ್ಞರ ಬಳಿ ಮಾಡುತ್ತಾರೆ. ಸೂಜಿ ಇಲ್ಲ, ರಕ್ತ ಇಲ್ಲ. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಗಾಳಿ ಎಳೆದುಕೊಂಡು, ಕೊಳವೆಗೆ ಒಮ್ಮೆಲೇ ಜೋರಾಗಿ ಊದಿ, ಶಕ್ತಿ ಮುಗಿಯುವವರೆಗೆ ಊದುತ್ತಲೇ ಇರಬೇಕು. ದೊಡ್ಡವರಾದರೆ ಆರು ಸೆಕೆಂಡಾದರೂ ಬೇಕು. ಮೂರು ಸಲ ಒಂದೇ ಥರ ಬರಬೇಕು. ತುಟಿಯ ಸಂದಿಯಿಂದ ಗಾಳಿ ಸೋರಿದರೆ, ಅರ್ಧಕ್ಕೇ ನಿಲ್ಲಿಸಿದರೆ, ಅಥವಾ ಮೆಲ್ಲಗೆ ಊದಲು ಶುರುಮಾಡಿದರೆ ಅಂಕಿಗೆ ಬೆಲೆ ಇಲ್ಲ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದೇ ಮುಖ್ಯ ಅಂಕಿ. ನಂತರ ಬಿಗಿದ ಕೊಳವೆ ಸಡಿಲಿಸುವ ಸಾಲ್ಬುಟಮಾಲ್ ಔಷಧವನ್ನು ಪಂಪಿನಿಂದ, ಅಂದರೆ ಇನ್‌ಹೇಲರಿನಿಂದ, ನಾಲ್ಕು ಪಫ್ (ನಾಲ್ಕು ಸಲ ಒತ್ತಿ) ಕೊಟ್ಟು, 10–15 ನಿಮಿಷ ಕೂರಿಸಿ, ಮತ್ತೆ ಊದಿಸುತ್ತಾರೆ. ದೊಡ್ಡವರಲ್ಲಿ ಆ ಅಂಕಿ ಶೇ 12ಕ್ಕಿಂತ ಹೆಚ್ಚು, ಜೊತೆಗೆ 200 ಮಿಲಿಲೀಟರಿಗಿಂತ ಹೆಚ್ಚು ಏರಿದರೆ ಅಸ್ತಮಾ ಕಡೆಗೆ ಬಲವಾದ ಸಾಕ್ಷಿ. ಮೊದಲು 1.80 ಲೀಟರ್ ಇದ್ದದ್ದು ಔಷಧದ ಬಳಿಕ 2.16 ಆಯಿತು ಅಂದುಕೊಳ್ಳಿ. ಏರಿದ್ದು 360 ಮಿಲಿಲೀಟರ್, ಅಂದರೆ ಶೇ 20. ಬಿಗಿದ ಕೊಳವೆ ಬಿಚ್ಚಿಕೊಂಡಿತು ಅಂತ ಅರ್ಥ.

ಇಲ್ಲಿ ಜನ ಎರಡು ಕಡೆ ಎಡವುತ್ತಾರೆ. ಪರೀಕ್ಷೆಗೆ ಹೋಗುವ ಮುಂಜಾನೆ ಪಂಪು ಹೊಡೆದುಕೊಂಡು ಹೋಗುತ್ತಾರೆ. ಕೊಳವೆ ಮೊದಲೇ ಬಿಚ್ಚಿಕೊಂಡಿದ್ದರೆ ಏರಿಕೆ ಕಾಣುವುದು ಎಲ್ಲಿಂದ? ಸಾಲ್ಬುಟಮಾಲ್ ಆದರೆ ನಾಲ್ಕು ತಾಸು, ದಿನಕ್ಕೆರಡು ಬಾರಿಯ ದೀರ್ಘಕಾಲದ ಔಷಧ ಆದರೆ 24 ತಾಸು ಅಂತರ ಬೇಕು. ಉಸಿರು ಕಟ್ಟುತ್ತಿದ್ದರೆ ಮಾತ್ರ ಪರೀಕ್ಷೆಗಾಗಿ ಪಂಪು ತಡೆಯಬೇಡಿ, ಪರೀಕ್ಷೆಯನ್ನೇ ಮುಂದಕ್ಕೆ ಹಾಕಿ. ಎರಡನೆಯದು, ಆರಾಮ ಇದ್ದ ದಿನ ಊದಿಸಿದಾಗ ವರದಿ ‘ನಾರ್ಮಲ್’ ಬರುತ್ತದೆ, “ಅಸ್ತಮಾ ಇಲ್ಲಂತ ಬಂತು” ಅಂತ ಔಷಧ ಬಿಡುತ್ತಾರೆ. ಏರಿಳಿಯುವ ರೋಗದಲ್ಲಿ ಒಂದು ದಿನದ ನಾರ್ಮಲ್‌ಗೆ ಅಷ್ಟು ತೂಕ ಕೊಡಲಾಗದು. ಎದೆಯ ಎಕ್ಸ್‌ರೇ ಸಹ ಅಸ್ತಮಾದಲ್ಲಿ ಬಹುತೇಕ ಚೆನ್ನಾಗಿಯೇ ಇರುತ್ತದೆ. ಅದನ್ನು ತೆಗೆಸುವುದು ಬೇರೆ ರೋಗ ಇದೆಯೇ ಅಂತ ನೋಡಲು.

ಸ್ಪೈರೋಮೆಟ್ರಿ ದೂರವಾದರೆ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಪ್ಲಾಸ್ಟಿಕ್ ಕೊಳವೆ ಇದೆ. ನಿಂತು, ಮುಳ್ಳನ್ನು ಸೊನ್ನೆಗೆ ತಂದು, ಎದೆ ತುಂಬಿಸಿ ಒಂದೇ ಏಟಿಗೆ ಊದಬೇಕು. ಮೂರು ಸಲ ಊದಿ ದೊಡ್ಡ ಅಂಕಿ ಬರೆದುಕೊಳ್ಳಿ. ಮುಂಜಾನೆ–ಸಂಜೆ, ಎರಡು ವಾರ. ಸಂಜೆ 400, ಮುಂಜಾನೆ 320 ಬಂತು ಅನ್ನಿ. ವ್ಯತ್ಯಾಸ 80, ಸರಾಸರಿ 360, ಅಂದರೆ ಆ ದಿನದ ಏರಿಳಿತ ಸುಮಾರು ಶೇ 22. ಇಂಥ ದಿನಗಳ ಸರಾಸರಿ ದೊಡ್ಡವರಲ್ಲಿ ಶೇ 10, ಮಕ್ಕಳಲ್ಲಿ ಶೇ 13 ದಾಟಿದರೆ ಅಸ್ತಮಾ ಎಂಬ ಸಂಶಯ ಗಟ್ಟಿಯಾಗುತ್ತದೆ. ಒಂದು ವಹಿಯ ಹಾಳೆ ಸಾಕು. ಅದನ್ನು ವೈದ್ಯರ ಮುಂದಿಟ್ಟರೆ ಅರ್ಧ ಕೆಲಸ ಆಯಿತು.

ಉಬ್ಬಸವೆಲ್ಲ ಅಸ್ತಮಾ ಅಲ್ಲ, ಇದನ್ನು ಆಶಾ ಅಕ್ಕಂದಿರು ವಿಶೇಷವಾಗಿ ಗಮನಿಸಬೇಕು. ನಿನ್ನೆವರೆಗೆ ಆಡುತ್ತಿದ್ದ ಎರಡು ವರ್ಷದ ಮಗುವಿಗೆ ಏಕಾಏಕಿ ಕೆಮ್ಮು, ಎದೆಯ ಒಂದೇ ಪಕ್ಕದಲ್ಲಿ ಸುಂಯ್ ಸದ್ದು ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ: “ಶೇಂಗಾ ತಿಂದಿತ್ತೇನು?” ಕಾಳು ಶ್ವಾಸನಾಳಕ್ಕೆ ಇಳಿದಿದ್ದರೆ ಯಾವ ಪಂಪೂ ಕೆಲಸ ಮಾಡದು. ದುರ್ಬೀನು ಹಾಕಿ ತೆಗೆಯಬೇಕು, ಅದೂ ಬೇಗ. ಮೂರು–ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಇಡಿ ಶೇಂಗಾ, ಪುಟಾಣಿ ಕೊಡಲೇಬೇಡಿ. ಮೂವತ್ತು–ನಲವತ್ತು ವರ್ಷ ಕಟ್ಟಿಗೆ ಒಲೆಯ ಮುಂದೆ ರೊಟ್ಟಿ ಬಡಿದ ಅಜ್ಜಿಗೆ ಮೆಲ್ಲಮೆಲ್ಲನೆ ಹೆಚ್ಚಿದ, ಎಂದೂ ಪೂರ್ತಿ ಬಿಡದ ದಮ್ಮು ಹೊಗೆಯಿಂದ ಶ್ವಾಸಕೋಶ ಸವೆದ ಸಿಒಪಿಡಿ ಇರಬಹುದು. ಬೀಡಿ ಸೇದದಿದ್ದರೂ ಅದು ಬರುತ್ತದೆ. ಕಾಲು ಬಾತು, ಮಲಗಿದರೆ ಉಸಿರು ಕಟ್ಟಿ ಕೂರುವಂತಾದರೆ ಹೃದಯ ನೋಡಿಸಬೇಕು. ಎರಡು ವಾರ ದಾಟಿದ ಕೆಮ್ಮು, ಜ್ವರ, ಸೊರಗುವುದು ಇದ್ದರೆ ಕ್ಷಯ ಇದೆಯೇ ಅಂತ ನೋಡಲು ಕಫ ಪರೀಕ್ಷೆ ಮೊದಲು.

ಔಷಧಗಳೂ ದಮ್ಮು ತರುತ್ತವೆ. ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ನುಂಗಿದ ಒಂದೆರಡು ತಾಸಿನಲ್ಲಿ ಮೂಗು ಕಟ್ಟಿ ಎದೆ ಬಿಗಿಯುತ್ತದೆ. ಮೂಗಿನಲ್ಲಿ ದುರ್ಮಾಂಸ ಇರುವ ಅಸ್ತಮಾದವರಲ್ಲಿ ಇದು ಹೆಚ್ಚು. ಪ್ರೊಪ್ರನೊಲಾಲ್ ಎಂಬ ಗುಳಿಗೆಯನ್ನು ಕೈನಡುಕಕ್ಕೆ, ತಲೆಶೂಲೆಗೆ ಕೊಡುತ್ತಾರೆ. ಟಿಮೊಲಾಲ್ ಎಂಬ ಹನಿಯನ್ನು ಕಣ್ಣಿನ ಒತ್ತಡಕ್ಕೆ ಹಾಕುತ್ತಾರೆ. ಎರಡೂ ಅಸ್ತಮಾದವರಿಗೆ ಅಪಾಯ. ಕಣ್ಣಿನ ಹನಿ ಎದೆಗೆ ಹೇಗೆ ಹೋದೀತು ಅನಿಸಬಹುದು. ಕಣ್ಣಿನಿಂದ ಮೂಗಿಗೆ ಇಳಿದು ರಕ್ತ ಸೇರುತ್ತದೆ, ಅಷ್ಟು ಸಾಕು. ಯಾವ ವೈದ್ಯರ ಹತ್ತಿರ ಹೋದರೂ, ಯಾವ ಔಷಧದಂಗಡಿಗೆ ಹೋದರೂ ಮೊದಲ ಮಾತು “ನನಗೆ ಅಸ್ತಮಾ ಅದ” ಎಂದೇ ಆಗಲಿ.

ಈಗ ನಮ್ಮ ನೆಲದ ಮಾತು. ಹಾವೇರಿ ಸೀಮೆಯಲ್ಲಿ ಗೋವಿನಜೋಳದ ರಾಶಿ ಶುರುವಾದರೆ ಮಷಿನಿನ ಬಾಯಿಂದ ಏಳುವ ಕೆಂಪು ಧೂಳು ನಿಮಗೆ ಗೊತ್ತು. ಅದು ಬರೀ ಮಣ್ಣಲ್ಲ. ಹೊಟ್ಟು, ಬೂಷ್ಟಿನ ಬೀಜಕಣ, ಹುಳುವಿನ ಚೂರು ಎಲ್ಲ ಅದರಲ್ಲಿದೆ. ಬಾಯಿಗೆ ಸುತ್ತಿದ ಟವೆಲ್ಲು ಕಣ್ಣಿಗೆ ಕಾಣುವ ಧೂಳು ತಡೆಯುತ್ತದೆ. ಎದೆಯ ಆಳಕ್ಕೆ ಇಳಿಯುವ ಕಾಣದ ಕಣ ಅದರ ಎಳೆಗಳ ನಡುವೆ ಆರಾಮಾಗಿ ದಾಟುತ್ತದೆ. ಮುಖಕ್ಕೆ ಬಿಗಿಯಾಗಿ ಕೂರುವ ಎನ್–95 ಮಾಸ್ಕ್ ಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆ ನಿಲ್ಲಿ, ಧೂಳು ನಿಮ್ಮಿಂದ ಆಚೆ ಹೋಗಲಿ. ಅಸ್ತಮಾ ಇದ್ದವರು ಮಷಿನಿನ ಬಾಯಿಗೆ ನಿಲ್ಲುವುದನ್ನು ಬಿಟ್ಟು ಚೀಲ ಹೊಲಿಯುವ, ತೂಕದ ಕೆಲಸ ಹಿಡಿಯಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೂ ಇದೇ ಮಾತು, ಜೊತೆಗೆ ಕಿಟಕಿ ತೆರೆದ ಜಾಗ.

ಹತ್ತಿ ಜಿನ್ನಿಂಗ್ ಕಾರ್ಖಾನೆಯ ಕೆಲಸಗಾರರಿಗೆ ಬೇರೆಯದೇ ಒಂದು ಪ್ರಶ್ನೆ ಕೇಳಬೇಕು: ವಾರದ ರಜೆ ಮುಗಿಸಿ ಮೊದಲ ದಿನ ಹೋದಾಗ ಎದೆ ಹೆಚ್ಚು ಬಿಗಿಯುತ್ತದೆಯೇ? ಹೌದಾದರೆ ಅದು ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಇರಬಹುದು, ಅಸ್ತಮಾದ ನೆಂಟನಂಥ ರೋಗ. ಕೆಲಸದ ದಿನ ಹೆಚ್ಚಾಗಿ, ಊರಿಗೆ ಹೋದಾಗ ಕಡಿಮೆಯಾಗುವ ಯಾವ ದಮ್ಮನ್ನೂ ವೈದ್ಯರಿಗೆ ಹೇಳುವಾಗ ಕೆಲಸದ ಹೆಸರನ್ನೂ ಹೇಳಿ.

ಮನೆಯೊಳಗಿನ ದೊಡ್ಡ ಕಾರಣ ಹಾಸಿಗೆ. ಕಣ್ಣಿಗೆ ಕಾಣದ ಧೂಳುನುಸಿ ನಮ್ಮ ಚರ್ಮದಿಂದ ಉದುರಿದ ಪುಡಿ ತಿಂದು ದಿಂಬು–ಗಾದಿಯೊಳಗೆ ಬದುಕುತ್ತದೆ. ಅದರ ಹಿಕ್ಕೆಯೇ ಅಲರ್ಜಿ ತರುವುದು. ನಮ್ಮ ಕೌದಿ ಎಷ್ಟು ಚಂದ, ಎಷ್ಟು ಸೀರೆಗಳ ನೆನಪು ಅದರಲ್ಲಿ! ಆದರೆ ಐದಾರು ಪದರದ ಹಳೆ ಬಟ್ಟೆ, ಒಗೆಯುವುದು ಮಾನವಮಿಯ ಮುಂದೆ ಒಮ್ಮೆ ಹಳ್ಳಕ್ಕೆ ಒಯ್ದಾಗ ಮಾತ್ರ. ನುಸಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗದು. ಕೌದಿ ಬಿಡಿ ಅನ್ನುವುದಿಲ್ಲ. ಅದರ ಮೇಲೆ ತೆಳು ಹಚ್ಚಡದ ಗವಸು ಹೊಲಿಸಿ, ಗವಸನ್ನೂ ದಿಂಬಿನ ಚೀಲವನ್ನೂ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. 55–60 ಡಿಗ್ರಿ, ಅಂದರೆ ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ನುಸಿ ಸಾಯುತ್ತದೆ. ಕೌದಿ, ಗಾದಿಯನ್ನು ಕಡು ಬಿಸಿಲಿಗೆ ಹಾಕಿ, ಆದರೆ ಕೊಡವುವ ಕೆಲಸ ದಮ್ಮಿನವರದಾಗದಿರಲಿ. ಮಳೆಗಾಲದಲ್ಲಿ ಗೋಡೆಗೆ ಹತ್ತುವ ಬೂಷ್ಟು, ಅಡುಗೆಮನೆಯ ಜಿರಳೆ, ಸೊಳ್ಳೆಬತ್ತಿ, ಊದುಬತ್ತಿ, ಲೋಬಾನದ ಹೊಗೆ ಇವೂ ಲೆಕ್ಕದಲ್ಲಿರಲಿ. ದೇವರ ಮುಂದೆ ಎಣ್ಣೆದೀಪ ಸಾಕು.

ಬಾಳೆಹಣ್ಣು, ಮೊಸರು, ಅನ್ನ ಬಿಡಿಸಿ ಮಕ್ಕಳನ್ನು ಒಣಗಿಸುವುದಿದೆಯಲ್ಲ, ಅದರಿಂದ ನನಗೆ ಬಹಳ ಸಂಕಟ. ಒಂದು ಪದಾರ್ಥ ತಿಂದಾಗಲೆಲ್ಲ ದಮ್ಮು ಬರುವುದು ಖಚಿತವಾಗಿ ಕಂಡಿದ್ದರೆ ಅದನ್ನು ಬಿಡಿ, ಉಳಿದದ್ದನ್ನು ಮಗು ಹೊಟ್ಟೆ ತುಂಬ ತಿನ್ನಲಿ.

ಔಷಧಕ್ಕೆ ಬರೋಣ. ಎರಡು ಜಾತಿ. ಒಂದು ಬಿಗಿತ ಬಿಡಿಸುವುದು, ಹೆಚ್ಚಾಗಿ ನೀಲಿ ಬಣ್ಣದ ಸಾಲ್ಬುಟಮಾಲ್ ಪಂಪು. ಐದು ನಿಮಿಷದಲ್ಲಿ ಸ್ನಾಯು ಸಡಿಲ, ನಾಲ್ಕಾರು ತಾಸಿನಲ್ಲಿ ಪರಿಣಾಮ ಮುಗಿಯಿತು. ಬಾವನ್ನು ಅದು ಮುಟ್ಟುವುದೂ ಇಲ್ಲ. ಇನ್ನೊಂದು ಬಾವು ಇಳಿಸುವುದು: ಬ್ಯುಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲೂಟಿಕಾಸೋನ್ ಎಂಬ ಎಳೆದುಕೊಳ್ಳುವ ಸ್ಟೀರಾಯ್ಡ್‌ಗಳು. ಇವು ಎಳೆದ ಕೂಡಲೇ ಏನೂ ಅನಿಸುವುದಿಲ್ಲ. ಗುಣ ಕಾಣಲು ದಿನಗಳು, ಪೂರ್ತಿ ಗುಣಕ್ಕೆ ವಾರಗಳು ಬೇಕು. ಅದಕ್ಕೇ ಜನ ನೀಲಿಯನ್ನು ಜೇಬಿನಲ್ಲಿಟ್ಟು, ಇದನ್ನು ಮೂಲೆಗೆಸೆಯುತ್ತಾರೆ. ಪ್ರಾಣ ಕಾಯುವುದು ಮೂಲೆಗೆಸೆದದ್ದು. 200 ಪಫ್‌ಗಳ ನೀಲಿ ಪಂಪು ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿ ಆಗುತ್ತಿದ್ದರೆ ದೊಡ್ಡ ದಾಳಿಯ ಅಪಾಯ ಏರಿದೆ ಅಂತ ತಿಳಿಯಿರಿ. ತಿಂಗಳಿಗೊಂದು ಖಾಲಿ ಆಗುತ್ತಿದ್ದರೆ ಸಾವಿನ ಅಪಾಯವೂ ಏರಿದೆ. ಈ ಕಾರಣಕ್ಕೇ ಅಸ್ತಮಾದ ಜಾಗತಿಕ ಮಾರ್ಗಸೂಚಿ ಗಿನಾ 2019ರಿಂದ ದೊಡ್ಡವರಿಗೂ ಹದಿಹರೆಯದವರಿಗೂ ಬರೀ ಸಾಲ್ಬುಟಮಾಲ್ ಮೇಲೆ ಬಿಡಬೇಡಿ ಅನ್ನುತ್ತಿದೆ. ಬ್ಯುಡೆಸೊನೈಡ್–ಫಾರ್ಮೊಟೆರಾಲ್ ಜೋಡಿ ಇರುವ ಒಂದೇ ಪಂಪನ್ನು ದಿನನಿತ್ಯಕ್ಕೂ ದಮ್ಮು ಬಂದಾಗಲೂ ಬಳಸುವ ಕ್ರಮ ಇದೆ. ಫಾರ್ಮೊಟೆರಾಲ್ ನಿಮಿಷಗಳಲ್ಲಿ ಕೆಲಸ ಶುರುಮಾಡುವುದರಿಂದ ಇದು ಸಾಧ್ಯ. ಸಾಲ್ಮೆಟೆರಾಲ್ ಇರುವ ಜೋಡಿ ನಿಧಾನ, ಅದನ್ನು ಹೀಗೆ ಬಳಸಬಾರದು. ಎರಡರ ಡಬ್ಬಿಗಳೂ ಒಂದೇ ಥರ ಕಾಣುತ್ತವೆ, ಹೆಸರು ಓದಿ.

“ಸ್ಟೀರಾಯ್ಡ್ ಅಂತಾರಲ್ರಿ, ಮೈ ಕೆಡೂದಿಲ್ಲೇನ್ರಿ?” ಈ ಹೆದರಿಕೆಗೆ ಲೆಕ್ಕದಿಂದಲೇ ಉತ್ತರ ಹೇಳುತ್ತೇನೆ. ದಾಳಿ ಜೋರಾದಾಗ ಕೊಡುವ ಪ್ರೆಡ್ನಿಸೊಲೋನ್ ಗುಳಿಗೆ ದಿನಕ್ಕೆ 40 ಮಿಲಿಗ್ರಾಂ, ಐದು ದಿನ. ಒಟ್ಟು 200 ಮಿಲಿಗ್ರಾಂ, ಅಂದರೆ 2,00,000 ಮೈಕ್ರೋಗ್ರಾಂ, ಮೈಯೆಲ್ಲ ಸುತ್ತಿ ಎದೆಗೆ ಬರಬೇಕು. ಪಂಪಿನಲ್ಲಿ ದಿನಕ್ಕೆ 400 ಮೈಕ್ರೋಗ್ರಾಂ ಬ್ಯುಡೆಸೊನೈಡ್ ನೇರ ಎದೆಗೆ. ಎರಡೂ ಬೇರೆ ಔಷಧ, ತೂಕಕ್ಕೆ ತೂಕ ಸಮ ಅಲ್ಲ ನಿಜ. ಆದರೂ ಆ ಐದು ದಿನದ ಗುಳಿಗೆಯ ತೂಕಕ್ಕೆ 500 ದಿನದ ಪಂಪಿನ ಔಷಧ ಆಗುತ್ತದೆ. ಪಂಪಿಗೆ ಹೆದರಿ ವರ್ಷಕ್ಕೆ ನಾಲ್ಕು ಸಲ ಗುಳಿಗೆ, ಸೂಜಿಗೆ ಹೋಗುವವರು ಯಾವುದಕ್ಕೆ ಹೆದರಿದರೋ ಅದನ್ನೇ ಹೆಚ್ಚು ತೆಗೆದುಕೊಳ್ಳುತ್ತಿದ್ದಾರೆ. ಸಾಧಾರಣ ಪ್ರಮಾಣದಲ್ಲಿ ಪಂಪಿನ ತೊಂದರೆ ಬಾಯಿಯಲ್ಲಿ ಬಿಳಿ ಅಗ್ರ, ದನಿ ಒಡೆಯುವುದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಅದೂ ತಪ್ಪುತ್ತದೆ.

ಪಂಪಿನ ಚಟ ಹತ್ತುತ್ತದೆ ಎಂಬುದೂ ಸುಳ್ಳು. ಕನ್ನಡಕ ಹಾಕಿಕೊಂಡವರಿಗೆ ಕನ್ನಡಕದ ಚಟ ಅನ್ನುತ್ತೇವೆಯೇ? ಇದರಲ್ಲಿ ಹೆಚ್ಚು ನೋಯುವವರು ಹೆಣ್ಣುಮಕ್ಕಳು. ನೋಡಲು ಬರುವವರಿಗೆ ಗೊತ್ತಾದೀತು ಅಂತ ಪಂಪು ಮುಚ್ಚಿಡುತ್ತಾರೆ, ಮದುವೆಯಾದ ಮನೆಯಲ್ಲಿ ಬಚ್ಚಲಿಗೆ ಹೋಗಿ ಎಳೆದುಕೊಳ್ಳುತ್ತಾರೆ, ಬಸುರಿಯಾದಾಗ ಕೂಸಿಗೆ ಕೆಡುಕು ಅಂತ ಪೂರ್ತಿ ಬಿಡಿಸುತ್ತಾರೆ. ಬಸುರಿನಲ್ಲಿ ಔಷಧ ಬಿಟ್ಟು ದಮ್ಮು ಹತ್ತಿದರೆ ತಾಯಿಗೂ ಕೂಸಿಗೂ ಆಮ್ಲಜನಕ ಕಡಿಮೆಯಾಗುತ್ತದೆ. ಕೂಸಿಗೆ ಹೆಚ್ಚಿನ ಅಪಾಯ ಇರುವುದು ಅಲ್ಲಿ. ತಾಯಂದಿರೇ, ಅತ್ತೆಯಂದಿರೇ, ಪಂಪು ನಿಮ್ಮ ಮನೆಯ ಪಡಸಾಲೆಯಲ್ಲಿ, ಎಲ್ಲರ ಕಣ್ಣಿಗೆ ಬೀಳುವಲ್ಲಿ ಇರಲಿ.

ಮೃಗಶಿರಾ ಮಳೆ ಕೂಡುವ ದಿನ, ಜೂನ್ 7–8ರ ಸುಮಾರಿಗೆ, ಮೀನಿನ ಔಷಧಕ್ಕೆ ಹೈದರಾಬಾದಿಗೆ ಹೋಗುವವರು ನಮ್ಮಲ್ಲಿದ್ದಾರೆ. ನಂಬಿಕೆಗೆ ಕೈ ಹಾಕುವುದಿಲ್ಲ. ಆ ಔಷಧದಿಂದ ಅಸ್ತಮಾ ಗುಣವಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ ಎಂಬುದನ್ನಂತೂ ಹೇಳಲೇಬೇಕು. ಹೋಗಿಬಂದವರು ಅದೇ ದಿನ ಪಂಪು ಬಿಡುತ್ತಾರೆ, ಅದೇ ಹೊತ್ತಿಗೆ ಮಳೆ, ತಂಪು, ನೆಗಡಿಯ ಕಾಲ ಶುರುವಾಗುತ್ತದೆ. ಹೋದರೂ ಪಂಪು ಜೇಬಿನಲ್ಲಿರಲಿ, ಬಂದ ಮೇಲೂ ನಿಲ್ಲದಿರಲಿ. ಹೆಸರು–ಚೀಟಿ ಇಲ್ಲದ ‘ದಮ್ಮಿನ ಪುಡಿ’ಗೆ ಮಾತ್ರ ಬೇಡವೇ ಬೇಡ ಅನ್ನುತ್ತೇನೆ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದ ಪ್ರಕರಣಗಳಿವೆ. ಪುಡಿ ತಿಂದು ಮುಖ ಉಬ್ಬಿ, ಸಕ್ಕರೆ ಏರಿದ್ದರೆ ಏಕಾಏಕಿ ನಿಲ್ಲಿಸುವುದೂ ಅಪಾಯ, ವೈದ್ಯರಿಗೆ ತೋರಿಸಿ.

ಒಂದು ಸಣ್ಣ ಕತೆ. 1955ರಲ್ಲಿ ಅಮೆರಿಕದ ರೈಕರ್ ಎಂಬ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ, ಅಸ್ತಮಾ ಇದ್ದ ಮಗಳು ಅಪ್ಪನನ್ನು ಕೇಳಿದಳಂತೆ: ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯ ಹಾಗೆ ನನ್ನ ಔಷಧವೂ ಯಾಕೆ ಬರಬಾರದು? ಆಗ ಗಾಜಿನ ಬುರುಡೆಯ, ರಬ್ಬರ್ ಚೆಂಡು ಹಿಸುಕುವ ಉಪಕರಣ ಬಳಸಬೇಕಿತ್ತು. 1956ರಲ್ಲಿ ಮೊದಲ ಪಂಪು ಮಾರುಕಟ್ಟೆಗೆ ಬಂತು. ಇಷ್ಟು ವರ್ಷವಾದರೂ ಅದನ್ನು ಸರಿಯಾಗಿ ಎಳೆಯಲು ಬರುವವರು ಕಡಿಮೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ, ಕೈಯಲ್ಲಿ ಪಂಪು ಇದ್ದವರು ಹೊರತೆಗೆಯಿರಿ.

ಮುಚ್ಚಳ ತೆಗೆಯಿರಿ, ಒಳಗೆ ಕಸ ಇದೆಯೇ ನೋಡಿ. ಚೆನ್ನಾಗಿ ಅಲುಗಾಡಿಸಿ. ಹೊಸದಾದರೆ, ಅಥವಾ ಬಹಳ ದಿನ ಬಳಸಿಲ್ಲವಾದರೆ, ಚೀಟಿಯಲ್ಲಿ ಹೇಳಿದಷ್ಟು ಸಲ ಗಾಳಿಗೆ ಹೊಡೆಯಿರಿ. ನೆಟ್ಟಗೆ ಕೂತು, ಪಂಪಿನಿಂದ ಮುಖ ತಿರುಗಿಸಿ ಉಸಿರು ಪೂರ್ತಿ ಬಿಡಿ. ಖಾಲಿ ಮಾಡದ ಕೊಡಕ್ಕೆ ನೀರು ತುಂಬುವುದು ಹೇಗೆ? ಹಲ್ಲುಗಳ ನಡುವೆ ಇಟ್ಟು ತುಟಿ ಮುಚ್ಚಿ. ಮೆಲ್ಲಗೆ ಎಳೆಯಲು ಶುರುಮಾಡಿ, ಶುರುವಾದ ಕೂಡಲೇ ಒಮ್ಮೆ ಒತ್ತಿ, ನಾಲ್ಕೈದು ಸೆಕೆಂಡು ಎಳೆಯುತ್ತಲೇ ಇರಿ. ಬಾಯಿ ಮುಚ್ಚಿ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೇ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ. ಒತ್ತಿದ ಮೇಲೆ ಎಳೆದರೆ ಔಷಧ ಗಂಟಲಿಗೆ ಬಡಿದು ಹೊಟ್ಟೆ ಸೇರುತ್ತದೆ, ಜೋರಾಗಿ ಎಳೆದರೂ ಅಷ್ಟೇ.

ಪುಡಿಯ ಉಪಕರಣ, ಅಂದರೆ ಕ್ಯಾಪ್ಸೂಲ್ ಹಾಕುವ ರೋಟಾಹೇಲರ್, ಇದಕ್ಕೆ ತದ್ವಿರುದ್ಧ. ಕ್ಯಾಪ್ಸೂಲಿನ ಪಾರದರ್ಶಕ ತುದಿ ಕೆಳಗೆ ಬರುವಂತೆ ಚೌಕ ತೂತಿಗೆ ಒತ್ತಿ, ಬುಡ ತಿರುಗಿಸಿದರೆ ಅದು ಒಡೆಯುತ್ತದೆ. ಪುಡಿಯನ್ನು ಮೇಲೆಬ್ಬಿಸುವುದು ನಿಮ್ಮ ಉಸಿರೇ, ಆದ್ದರಿಂದ ಇಲ್ಲಿ ಬೇಗ, ಜೋರಾಗಿ, ಆಳವಾಗಿ ಎಳೆಯಬೇಕು. ಎಳೆದ ಮೇಲೆ ಬಿಚ್ಚಿ ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಅದರೊಳಗೆ ಉಸಿರು ಬಿಟ್ಟರೆ ಪುಡಿ ಒದ್ದೆಯಾಗಿ ಅಂಟುತ್ತದೆ. ಈ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರಿದ್ದಾರೆ. ಆಶಾ ಅಕ್ಕಂದಿರು ಮನೆಗೆ ಹೋದಾಗ “ಹೆಂಗ ತಗೋತೀರಿ, ತೋರಿಸ್ರಿ” ಅನ್ನಿ. ‘ತಗೋತೀರಾ?’ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ.

ಪಂಪು ಖಾಲಿ ಆದದ್ದು ತಿಳಿಯುವುದು ಹೇಗೆ? ಎಣಿಕೆ ತೋರಿಸುವ ಕಿಂಡಿ ಇಲ್ಲದಿದ್ದರೆ ಭಾಗಿಸಿ. 120 ಪಫ್ ಇದೆ, ಮುಂಜಾನೆ ಎರಡು, ಸಂಜೆ ಎರಡು, ಅಂದರೆ 30 ದಿನ. ಶುರುಮಾಡಿದ ತಾರೀಖನ್ನು ಪೆನ್ನಿನಿಂದ ಅದರ ಮೇಲೇ ಬರೆಯಿರಿ. ನೀರಲ್ಲಿ ತೇಲಿಸಿ ನೋಡುವುದು ನಂಬುವಂಥದ್ದಲ್ಲ. ಔಷಧ ಮುಗಿದ ಮೇಲೂ ಬರೀ ಗಾಳಿ ಪುಸ್ ಅನ್ನುತ್ತಿರುತ್ತದೆ. ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯಲ್ಲಿಡಬೇಡಿ.

ಹತೋಟಿಯಲ್ಲಿದೆಯೇ ಅಂತ ತಿಳಿಯಲು ಕಳೆದ ನಾಲ್ಕು ವಾರದ ಬಗ್ಗೆ ನಾಲ್ಕು ಪ್ರಶ್ನೆ ಸಾಕು. ವಾರಕ್ಕೆ ಎರಡಕ್ಕಿಂತ ಹೆಚ್ಚು ದಿನ ಹಗಲು ತೊಂದರೆ ಆಯಿತೇ? ಒಂದಾದರೂ ರಾತ್ರಿ ಎಚ್ಚರವಾಯಿತೇ? ನೀಲಿ ಪಂಪು ವಾರಕ್ಕೆರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ? ಯಾವುದಾದರೂ ಕೆಲಸ ಬಿಡಬೇಕಾಯಿತೇ? ನಾಲ್ಕಕ್ಕೂ ‘ಇಲ್ಲ’ ಬಂದರೆ ಹತೋಟಿ ಚೆನ್ನಾಗಿದೆ. ಒಂದೆರಡು ‘ಹೌದು’ ಇದ್ದರೆ ಅರೆಬರೆ. ಮೂರು–ನಾಲ್ಕಾದರೆ ಹತೋಟಿ ತಪ್ಪಿದೆ. ಔಷಧ ಏರಿಸುವ ಮೊದಲು ಎಳೆಯುವ ರೀತಿ ಸರಿ ಇದೆಯೇ, ದಿನವೂ ತೆಗೆದುಕೊಳ್ಳುತ್ತಿದ್ದಾರೆಯೇ, ಬೀಡಿ ಬಿಟ್ಟಿದ್ದಾರೆಯೇ ನೋಡಿ. ಸೇದುವವರಲ್ಲಿ ಬಾವಿನ ಔಷಧ ಕೆಲಸ ಮಾಡುವುದೇ ಕಡಿಮೆ. ಮೂರು ತಿಂಗಳು ಹತೋಟಿ ಚೆನ್ನಾಗಿದ್ದರೆ ವೈದ್ಯರು ಮೆಲ್ಲಗೆ ಇಳಿಸುತ್ತಾರೆ. ಇಳಿಸುವುದು ಬೇರೆ, ಬಿಡುವುದು ಬೇರೆ.

ಇಷ್ಟಾಗಿಯೂ ದಮ್ಮು ಜೋರಾಗಿ ಹತ್ತಿದರೆ? ಮಲಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದೆ ಬಾಗಿ ಕೈ ಊರಿಕೊಳ್ಳಲಿ. ಸುತ್ತ ನೆರೆದವರನ್ನು ಸರಿಸಿ. ಸಾಲ್ಬುಟಮಾಲ್ ಪಂಪನ್ನು ಸ್ಪೇಸರ್‌ಗೆ ಸಿಕ್ಕಿಸಿ ನಾಲ್ಕರಿಂದ ಹತ್ತು ಪಫ್, ಒಂದೊಂದಾಗಿ; ಪ್ರತಿ ಪಫ್‌ಗೆ ನಾಲ್ಕೈದು ಉಸಿರು. 20 ನಿಮಿಷದಲ್ಲಿ ಸಾಕಷ್ಟು ಗುಣ ಕಾಣದಿದ್ದರೆ ಮತ್ತೆ ಅಷ್ಟೇ, ಆದರೆ ಆ ಹೊತ್ತಿಗೆ ನೀವು ಆಸ್ಪತ್ರೆಯ ದಾರಿಯಲ್ಲಿರಬೇಕು. ಒಂದು ವಾಕ್ಯ ಪೂರ್ತಿ ಹೇಳಲಾಗದೆ ಒಂದೊಂದೇ ಶಬ್ದ ಬರುತ್ತಿದ್ದರೆ, ತುಟಿ–ಉಗುರು ನೀಲಿಯಾದರೆ, ಮಗುವಿನ ಪಕ್ಕೆಯ ಸಂದು ಒಳಸೇದುತ್ತಿದ್ದರೆ, ಮಂಪರು ಬಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ, ದಾರಿಯುದ್ದಕ್ಕೂ ಪಂಪು ಕೊಡುತ್ತಿರಿ. ಒಂದು ಮಾತನ್ನು ದಯವಿಟ್ಟು ಮರೆಯಬೇಡಿ: ಒದ್ದಾಡುತ್ತಿದ್ದವರ ಸುಂಯ್ ಸದ್ದು ತಟ್ಟನೆ ನಿಂತು ಸುಸ್ತಾಗಿ ಸುಮ್ಮನಾದರೆ ಅದು ಆರಾಮಲ್ಲ, ಸದ್ದು ಮಾಡುವಷ್ಟೂ ಗಾಳಿ ಓಡಾಡುತ್ತಿಲ್ಲ. “ನಿದ್ದಿ ಹತ್ತೇತಿ, ಮಲಗಲಿ ಬಿಡು” ಅನ್ನುವ ಹೊತ್ತು ಅದಲ್ಲ. ನಿದ್ರೆಗುಳಿಗೆ ಕೊಡಲೇಬಾರದು. ದಾಳಿ ಇಳಿದು ಮನೆಗೆ ಬಂದವರು ಒಂದು ವಾರದೊಳಗೆ ಮತ್ತೆ ತೋರಿಸಬೇಕು.

ಸ್ಪೇಸರ್ ಅಂದೆ. ಪಂಪಿಗೂ ಬಾಯಿಗೂ ನಡುವೆ ಇಡುವ ಟೊಳ್ಳು ಡಬ್ಬಿ ಅದು. ಔಷಧ ಅದರಲ್ಲಿ ತೇಲಿ ನಿಲ್ಲುವುದರಿಂದ ಒತ್ತುವ–ಎಳೆಯುವ ತಾಳ ತಪ್ಪಿದರೂ ನಡೆಯುತ್ತದೆ. ಮಕ್ಕಳಿಗೆ, ಅಜ್ಜ–ಅಜ್ಜಿಯರಿಗೆ ಇದು ಬೇಕೇಬೇಕು. ನಾಲ್ಕು ವರ್ಷದೊಳಗಿನವರಿಗೆ ಮಾಸ್ಕ್ ಜೋಡಿಸಿದ್ದು. ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್ಕಿಗೆ ಸ್ಥಿರವಿದ್ಯುತ್ ಬಂದು ಔಷಧವೆಲ್ಲ ಗೋಡೆಗೇ ಅಂಟುತ್ತದೆ. ಅಂಗಡಿಯದು ಸಿಗದಿದ್ದರೆ ಅರ್ಧ ಲೀಟರ್ ನೀರಿನ ಬಾಟಲಿ ಸಾಕು. ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಮಕ್ಕಳ ವೈದ್ಯೆ ಹೆದರ್ ಝಾರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂದು ಮುಚ್ಚಿದ 500 ಮಿಲಿಲೀಟರ್ ಬಾಟಲಿ ಮಕ್ಕಳಲ್ಲಿ ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತು. ಸಂದು ಬಿಟ್ಟದ್ದು ಅಷ್ಟು ಕೆಲಸ ಮಾಡಲಿಲ್ಲ.

ಮೇಜಿನ ಮೇಲೆ ಬಾಟಲಿ, ತಂತಿ, ಮೇಣದಬತ್ತಿ, ಗೋಂದು ಇಟ್ಟಿದೆ. ತಂತಿಯನ್ನು ಪಂಪಿನ ಬಾಯಿಯ ಆಕಾರಕ್ಕೆ ಬಗ್ಗಿಸಿ, ಕಾಯಿಸಿ, ಬಾಟಲಿಯ ತಳಕ್ಕೆ ಒತ್ತಿದರೆ ಅಷ್ಟೇ ಅಳತೆಯ ತೂತು ಬೀಳುತ್ತದೆ. ತೂತು ದೊಡ್ಡದಾದರೆ ಆ ಬಾಟಲಿ ಬಿಟ್ಟು ಬೇರೆಯದು ತೆಗೆದುಕೊಳ್ಳಿ. ಪಂಪು ಸಿಕ್ಕಿಸಿ, ಸುತ್ತ ಗೋಂದು ತುಂಬಿ, ಒಣಗಿದ ಮೇಲೆ ಮೊದಲು ಒಳಗೆ ನಾಲ್ಕೈದು ಪಫ್ ಸುಮ್ಮನೆ ಹೊಡೆಯಿರಿ. ಔಷಧದ ಪದರ ಕೂತು ಅಂಟುವುದು ಕಡಿಮೆಯಾಗುತ್ತದೆ. ಬಾಟಲಿಯ ಬಾಯಿ ಮಗುವಿನ ಬಾಯಿಗೆ. ಶಿಕ್ಷಕರು ಮೊದಲು ಮುಂದೆ ಬನ್ನಿ, ಶಾಲೆಗೊಂದರಂತೆ ಮಾಡಿಕೊಂಡು ಹೋಗೋಣ.